ತಟ್ಟದೆ ಬಿಟ್ಟ ಬಾಗಿಲು

ಇಟಲಿಯ ಕಲಾಬ್ರಿಯದ ಆ ಬೆಟ್ಟದೂರಿನಲ್ಲಿ ಆಲಿವ್ ಗಾಣ ತಿರುಗುವ ದಿನಗಳು ಬಂದರೆ ಸಂತ ಫ್ರಾನ್ಸಿಸರ ಹಾದಿಯ ಕಪುಚಿನ್ ಮಠದ ಸನ್ಯಾಸಿಗಳು ದೇವರ ದೀಪಕ್ಕೂ ಅಡುಗೆಗೂ ಎಣ್ಣೆ ಬೇಡಲು ಮನೆಮನೆಗೆ ಹೊರಡುತ್ತಾರೆ. ಆ ಸಲ ಮುದುಕ ಬ್ರದರ್ ಜೆಸುವಾಲ್ದೊ ಅವರ ಜೊತೆ ತಗಡಿನ ಡಬ್ಬಿ ಹೊತ್ತು ಹೊರಟವನು ಮಠ ಸೇರಲು ಬಂದಿದ್ದ ಹುಡುಗ ನಿಕೋದೇಮೊ. ಅವನಿಗೆ ಮಠದ ನಿಲುವಂಗಿ ತೊಡಿಸಬೇಕೋ ಬೇಡವೋ ಎಂಬುದನ್ನು ಮಠದ ಗುರುಗಳು ಈ ಮುದುಕರನ್ನು ಕೇಳಿಯೇ ತೀರ್ಮಾನಿಸುವವರಿದ್ದರು.

ಯಾವ ಬಾಗಿಲನ್ನೂ ಬಿಡಬಾರದೆಂಬುದು ಭಿಕ್ಷೆಯ ನಿಯಮ. ಆದರೆ ವಿಧವೆ ಫಿಲೊಮೇನಳ ಮುರುಕು ಮನೆ ಬಂದಾಗ ನಿಕೋದೇಮೊ ತಟ್ಟದೆ ಮುಂದೆ ನಡೆದ. ಪಾಪ, ಅವಳ ಬಳಿ ಏನಿದೆ ಎಂದು ಕನಿಕರಪಟ್ಟ. ತನ್ನ ಆ ಕರುಣೆಗೆ ಒಳಗೊಳಗೇ ಹಿಗ್ಗಿದ ಕೂಡ.

"ಏನಪ್ಪಾ, ನಮ್ಮನೇಲಿ ಪ್ಲೇಗು ಬಂದಿದ್ಯಾ?"

ಫಿಲೊಮೇನ ಪುಟ್ಟ ಸೀಸೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ನಿಮಗ್ಯಾಕೆ ತೊಂದ್ರೆ ಅಂತ, ಅಜ್ಜಿ..."

"ಊರಿಗೆಲ್ಲ ಪುಣ್ಯ ಬೇಕು, ನನಗೊಬ್ಬಳಿಗೆ ಬೇಡ್ವಾ? ಬೆಳಿಗ್ಗೆಯಿಂದ ಕಾಯ್ತಿದ್ದೀನಿ."

ನಿಕೋದೇಮೊ ಹಿಂದೆ ನಿಂತಿದ್ದ ಜೆಸುವಾಲ್ದೊ ಅವರತ್ತ ತಿರುಗಿದ. "ನನ್ನನ್ನೇನು ನೋಡ್ತೀಯ?" ಎಂದರು ಅವರು.

ಅವನು ಹಿಂದಿರುಗಿ ಬಂದು ಡಬ್ಬಿಯ ಮುಚ್ಚಳ ತೆಗೆದ. "ಹಾಗಲ್ಲ, ಎಲ್ಲರ ಮನೇಲಿ ಕೇಳ್ದಂಗೆ ಕೇಳು," ಎಂದು ಫಿಲೊಮೇನ ಒಳಗೆ ಹೋಗಿ ಕದ ಹಾಕಿಕೊಂಡಳು.

ಅವನು ತಟ್ಟಿದ. 'ಸಂತ ಫ್ರಾನ್ಸಿಸರ ಹೆಸರಲ್ಲಿ ಭಿಕ್ಷೆ' ಎಂದು ಊರಿಡೀ ಸಲೀಸಾಗಿ ಹೇಳಿಕೊಂಡು ಬಂದ ಮಾತನ್ನು ಅರ್ಧಕ್ಕೇ ನಿಲ್ಲಿಸಿದ. ಕಿವಿಯೆಲ್ಲ ಕೆಂಪಾಗಿ, ತಲೆ ತಗ್ಗಿಸಿ, ಇನ್ನೊಮ್ಮೆ ತಟ್ಟಿ, ಸಣ್ಣ ದನಿಯಲ್ಲಿ ಕೇಳಿದ. ಕದ ತೆರೆಯಿತು. ಅವಳು ಸೀಸೆಯನ್ನು ಕೊನೆಯ ಹನಿಯವರೆಗೆ ಬಗ್ಗಿಸಿದಳು.

ಬೆಟ್ಟ ಹತ್ತುವಾಗ ಅವನು ತಲೆಯೆತ್ತದೆ ಕೇಳಿದ: "ಗುರುಗಳಿಗೆ ಏನಂತ ಹೇಳ್ತೀರಿ, ಬ್ರದರ್?"

"ಹುಡುಗ ಇವತ್ತು ಒಂದು ಮನೇಲಿ ನಿಜವಾಗಿ ಬೇಡಿದ ಅಂತೀನಿ."