ಮೂರು ದಿನದ ಅತಿಥಿ

ಆಫ್ರಿಕದ ಕಾಡಿನಲ್ಲಿ ಕೋಣ ಹೊಡೆದು ದಣಿದ ಬಿಳಿಯರನ್ನು ಊರಿಗೆ ಮರಳುವ ದಾರಿಯಲ್ಲಿ ಮಸ್ಕತ್ತಿನಲ್ಲಿ ಇಳಿಸಿಕೊಂಡು, ಸಮುದ್ರ, ಕೋಟೆ, ಸೂಕ್ ಎಂಬ ಪೇಟೆ ಎಲ್ಲ ತೋರಿಸಿ ಕಳಿಸುವ ಉಪಾಯ ಹೊಳೆದದ್ದು ಇಬ್ರಾಹಿಂನ ತಲೆಗೆ. ಖುರುಮಿನ ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಹತ್ತು ವರ್ಷ ಟಿಕೆಟ್ ಬರೆದವನ ತಲೆ ಬೇರೆ ಯಾವ ಕಡೆಗೆ ಓಡೀತು? ಬೇಟೆ ಮುಗಿದ ಮೇಲೆ ಮೂರು ದಿನ ಮಸ್ಕತ್. ಮೂರೇ ಯಾಕೆ ಎಂದು ಆಫೀಸಿನ ದಣಿ, ಅವನ ಕಫೀಲ್ ಖಲ್ಫಾನ್ ಕೇಳಿದಾಗ, "ಅತಿಥಿಯ ಹಕ್ಕು ಮೂರು ದಿನ ಅಲ್ವಾ ಅರ್ಬಾಬ್? ನಾಲ್ಕನೇ ದಿನದಿಂದ ಕೊಡುವುದು ದಾನ" ಎಂದು ಇಬ್ರಾಹಿಂ ನಕ್ಕಿದ್ದ. ಬಂಟ್ವಾಳದ ಗೂಡಿನಬಳಿಯ ಮದರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಕಲಿಸಿದ ಮಾತು ಅದು. ಖಲ್ಫಾನನೂ ನಕ್ಕು ಅವನ ಬೆನ್ನು ತಟ್ಟಿದ್ದ.

ಖಲ್ಫಾನ್ ಒಳ್ಳೆಯವನು. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಜಂಜಿಬಾರದಲ್ಲಿ ಹುಟ್ಟಿ, ಅಲ್ಲಿಯ ಅರಬರನ್ನು ಹುಡುಕಿ ಕಡಿದ ಅರುವತ್ತನಾಲ್ಕರ ಗಲಭೆಯಲ್ಲಿ ಹತ್ತು ವರ್ಷದ ಹುಡುಗನಾಗಿ ತಾಯಿಯ ಸೆರಗು ಹಿಡಿದು ದೋಣಿ ಹತ್ತಿದವನು. ಇಬ್ರಾಹಿಂನ ತಂದೆ ತೀರಿಕೊಂಡಾಗ ತಾನೇ ಟಿಕೆಟ್ ಕೊಟ್ಟು, "ಮೊದಲು ಕಬರಿನ ಹತ್ತಿರ ಹೋಗು, ಆಮೇಲೆ ಮನೆಗೆ ಹೋಗು" ಎಂದು ಕಳಿಸಿದ್ದ. ತನ್ನ ತಂದೆಯ ಕಬರ್ ಎಲ್ಲಿದೆ ಎಂದು ಮಾತ್ರ ಅವನು ಎಂದೂ ಹೇಳಿರಲಿಲ್ಲ. ಇಬ್ರಾಹಿಂ ಕೇಳಲೂ ಇಲ್ಲ.

ತೊಂಬತ್ತಮೂರರ ನವೆಂಬರಿನಲ್ಲಿ ಮೊದಲ ಗಿರಾಕಿ ಬಂದ. ಹರ್ಮಾನ್ ಎಂಬ ಜರ್ಮನಿಯವ, ಕೆಂಪು ಕತ್ತಿನ ಆಸಾಮಿ. ಜೊತೆಗೆ ಐವತ್ತರ ಆಸುಪಾಸಿನ, ತೆಳ್ಳಗಿನ ಕಪ್ಪು ಮನುಷ್ಯನೊಬ್ಬನಿದ್ದ, ಹೆಸರು ಹಮೀಸಿ. ಬೇಟೆಯ ಜಾಡು ಹಿಡಿಯುವುದು, ಬಿದ್ದ ಪ್ರಾಣಿಯ ಚರ್ಮ ಸುಲಿಯುವುದು ಅವನ ಕಸುಬು. ಹೋಟೆಲಿನ ಲಾಬಿಯಲ್ಲೇ ಹರ್ಮಾನ್ ಅವನ ಅಂಗಿ ಎತ್ತಿ ತೋರಿಸಿದ. ಪಕ್ಕೆಯಿಂದ ಹೊಕ್ಕುಳವರೆಗೆ ಹಳೆಯ ಹೊಲಿಗೆಯ ಗುರುತು. ಹೋದ ವರ್ಷ ಗುಂಡು ತಿಂದ ಕಾಡುಕೋಣ ಪೊದೆಯಿಂದ ತಿರುಗಿ ಬಂದಾಗ ಈ ಮನುಷ್ಯ ಅಡ್ಡ ನಿಂತನಂತೆ. ಕೋಣ ಅವನನ್ನು ಕೊಂಬಿನಲ್ಲಿ ಎತ್ತಿ ಎಸೆದು, ಬಿದ್ದವನನ್ನು ಮತ್ತೆ ತಿವಿಯಿತಂತೆ. ಕರುಳು ಕೈಯಲ್ಲಿ ಹಿಡಿದುಕೊಂಡೇ ಆತ ಹರ್ಮಾನನಿಗೆ ಬಂದೂಕು ಕೊಟ್ಟನಂತೆ. "ನನ್ನ ಜೀವ ಉಳಿಸಿದವನು. ಸಮುದ್ರದಾಚೆಯ ಊರೊಂದನ್ನು ಇವನೂ ನೋಡಲಿ" ಎಂದ ಹರ್ಮಾನ್. ಹಮೀಸಿ ಅಂಗಿ ಕೆಳಗಿಳಿಸಿದ.

ಅಂದು ಗುರುವಾರ. ಹೋಟೆಲಿನ ಊಟದ ಮನೆಯಲ್ಲಿ ಹಮೀಸಿ ಮಾಂಸ ಮುಟ್ಟದೆ ಬರೀ ರೊಟ್ಟಿ ಮುರಿದು ತಿನ್ನುವುದನ್ನು ಇಬ್ರಾಹಿಂ ಕಂಡ. ಹಲಾಲೋ ಅಲ್ಲವೋ ಎಂಬ ಅನುಮಾನ ಪಾಪದವನಿಗೆ. ಬ್ಯಾರಿಯಾದ ಇಬ್ರಾಹಿಂನಿಗೆ ಅದನ್ನು ನೋಡಲಾಗಲಿಲ್ಲ. ಮುಸಲ್ಮಾನ, ಅದೂ ಮುಸಾಫಿರ, ನಾಳೆ ಶುಕ್ರವಾರದ ದಿನವೂ ಹೀಗೆ ಒಬ್ಬನೇ ಉಣ್ಣುವುದೆಂದರೇನು? ಇಬ್ರಾಹಿಂ ಖಲ್ಫಾನನಿಗೆ ಫೋನ್ ಮಾಡಿ, ನಿಮ್ಮ ಸ್ವಾಹಿಲಿ ಮಾತಾಡುವವ ಒಬ್ಬ ಬಂದಿದ್ದಾನೆ ಎಂದ. "ನಾಳೆ ಮನೆಗೇ ಕರೆದುಕೊಂಡು ಬಾ, ಆಡು ಕೊಯ್ಯುವ" ಎಂದು ಖಲ್ಫಾನ್ ಹುಡುಗನ ಹಾಗೆ ಕುಣಿದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎನ್ನುತ್ತಾರಲ್ಲ, ಅದನ್ನು ಇಬ್ರಾಹಿಂ ಪುಣ್ಯದ ಕೆಲಸವೆಂದು ತಿಳಿದು ಮಾಡಿದ.

ಜುಮಾ ನಮಾಜ್ ಮುಗಿದ ಮೇಲೆ ಆಫೀಸಿನ ಡ್ರೈವರ್ ಕೊಗ್ಗ ಇಬ್ಬರನ್ನೂ ಊರಾಚೆ ಸೀಬಿನಲ್ಲಿದ್ದ ಖಲ್ಫಾನನ ಮನೆಯ ಮುಂದೆ ಇಳಿಸಿದ. "ನಾನು ಆ ಜರ್ಮನಿಯವನಿಗೆ ಮತ್ರಾದ ಸೂಕ್ ತೋರಿಸಿ ಬರ್ತೇನೆ ಬ್ಯಾರಿಗಳೇ. ನನಗೂ ಒಂದು ತುಂಡು ಇಡಿ, ಎಲ್ಲ ನೀವೇ ಬಾರಿಸ್ಬೇಡಿ" ಎಂದು ಕಾರು ತಿರುಗಿಸಿಕೊಂಡು ಹೋದ.

ಅಂಗಳದಲ್ಲಿ ಖಲ್ಫಾನನೂ ಹಮೀಸಿಯೂ ಸ್ವಾಹಿಲಿಯಲ್ಲಿ ಮಾತಿಗೆ ಶುರುಮಾಡಿದರು. ಇಬ್ರಾಹಿಂನಿಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ನಗು ತಿಳಿಯುತ್ತದಲ್ಲ. ಇಬ್ಬರೂ ಒಂದೇ ದ್ವೀಪದವರು ಎಂದು ಗೊತ್ತಾದಾಗ ಖಲ್ಫಾನ್ ಅವನನ್ನು ತಬ್ಬಿಕೊಂಡ. ತಾನೇ ಆಡನ್ನು ಕೆಡವಿ ಬಿಸ್ಮಿಲ್ಲಾ ಹೇಳಿ ಕೊಯ್ದ. ಬಿಸಿ ರಕ್ತ ಮರಳಿನಲ್ಲಿ ಇಂಗಿತು. ಆಗ ಹಮೀಸಿ, ಸುಲಿಯುವುದು ನನ್ನ ಕೆಲಸ, ಬಿಡು ಎಂಬಂತೆ ಮುಂದೆ ಬಂದ.

ಎಡಗೈಯಲ್ಲಿ ಚೂರಿ ಹಿಡಿದ. ಹಿಂಗಾಲಿನ ಹಿಮ್ಮಡಿಯ ನರದ ಪಕ್ಕ ಒಂದು ಗೀರು, ಇನ್ನೊಂದು ಕಾಲಿಗೆ ಇನ್ನೊಂದು. ಎರಡೂ ಕೈ ಬೇಕಾದಾಗ ಚೂರಿಯನ್ನು ಹಲ್ಲಿನಲ್ಲಿ ಅಡ್ಡ ಕಚ್ಚಿಕೊಂಡು, ಆ ಗೀರಿಗೆ ಹಗ್ಗ ಪೋಣಿಸಿ, ಆಡನ್ನು ಬೇವಿನ ಕೊಂಬೆಗೆ ಎಳೆದ. ಚೂರಿ ಕಚ್ಚಿಕೊಂಡೇ ಮೂಗಿನಲ್ಲಿ ಏನೋ ರಾಗ ಗುಂಯ್‌ಗುಡುತ್ತಿದ್ದ. ಕೈಕೆಲಸ ಮಾಡುವವರಿಗೆಲ್ಲ ಇಂಥದೊಂದು ಅಭ್ಯಾಸ ಇರುತ್ತದೆ ಎಂದು ಇಬ್ರಾಹಿಂ ಮೆಚ್ಚಿಕೊಂಡು ನೋಡುತ್ತಿದ್ದ. ಪಕ್ಕಕ್ಕೆ ತಿರುಗಿದರೆ ಖಲ್ಫಾನನ ಮುಖದಲ್ಲಿ ರಕ್ತವೇ ಇರಲಿಲ್ಲ.

ಖಲ್ಫಾನ್ ಸ್ವಾಹಿಲಿಯಲ್ಲಿ ಒಂದು ಪ್ರಶ್ನೆ ಕೇಳಿದ. ಹಮೀಸಿ ಬೆನ್ನು ತಿರುಗಿಸದೆಯೇ ಯಾವುದೋ ಹಳ್ಳಿಯ ಹೆಸರು ಹೇಳಿದ. ಖಲ್ಫಾನ್ ಒಳಗೆ ಹೋದ.

ಹಮೀಸಿ ಚರ್ಮ ಎಳೆದು, ಹೊಟ್ಟೆ ಸೀಳಿ, ಪಿತ್ತಜನಕಾಂಗವನ್ನು ಅಡುಗೆಮನೆಗೆ ಕೊಟ್ಟ. ತುಸು ಹೊತ್ತಿನಲ್ಲಿ ಖಲ್ಫಾನನ ಹೆಂಡತಿ ಲೈಲಾ ಅಡುಗೆಮನೆಯ ಬಾಗಿಲಿಗೆ ಬಂದು ಇಬ್ರಾಹಿಂನನ್ನು ಕರೆದಳು. ಅವಳೂ ಜಂಜಿಬಾರದವಳು, ಅಲ್ಲಿಯ ಗುಜರಾತಿ ಅಂಗಡಿಯವರ ನೆರೆಯಲ್ಲಿ ಬೆಳೆದು ಹಿಂದಿ ಕಲಿತವಳು. "ಈ ಮನುಷ್ಯನನ್ನು ಈಗಲೇ ಇಲ್ಲಿಂದ ಕರೆದುಕೊಂಡು ಹೋಗು. ಇವರ ತಂದೆಯನ್ನು ಕೊಂದವನು ಇವನೇ. ಇವರು ಮಾವಿನ ಮರದ ಮೇಲೆ ಕೂತು ಎಲ್ಲ ನೋಡಿದ್ದಾರೆ. ಓಡದ ಹಾಗೆ ಮೊದಲು ಹಿಮ್ಮಡಿಯ ನರ ಕಡಿದನಂತೆ. ಆಮೇಲೆ ಚೂರಿ ಹಲ್ಲಿನಲ್ಲಿ ಕಚ್ಚಿಕೊಂಡು, ಹಾಡುತ್ತ, ಕಾಲು ಹಿಡಿದು ಎಳೆದುಕೊಂಡು ಹೋಗಿ ಸಮುದ್ರಕ್ಕೆ ಎಸೆದನಂತೆ. ಇಪ್ಪತ್ತೊಂಬತ್ತು ವರ್ಷದಿಂದ ನಿದ್ದೆಯಲ್ಲಿ ಆ ರಾಗವನ್ನೇ ಕೇಳಿ ಕಿರುಚುತ್ತಾರೆ. ಈಗ ಒಳಗೆ ಬಂದೂಕಿಗೆ ಗುಂಡು ತುಂಬುತ್ತಿದ್ದಾರೆ."

ಕರೆದುಕೊಂಡು ಹೋಗುವುದು ಎಲ್ಲಿಗೆ, ಯಾವುದರಲ್ಲಿ? ಕಾರು ಮತ್ರಾದಲ್ಲಿದೆ. ಸೀಬಿನಲ್ಲಿ ಕಾಲ್ನಡಿಗೆಯಲ್ಲಿ ಹೊರಟವನು ಯಾವ ಗೋಡೆಯ ಹಿಂದೆ ಅಡಗಿಯಾನು? ಕರೆತಂದವನು ತಾನು. ಈ ಮನುಷ್ಯನ ಹೆಣ ಬಿದ್ದರೆ ಅದು ತನ್ನ ಹೆಗಲಿಗೇ ಎಂಬುದೊಂದು ಮಾತ್ರ ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಆಗ ಅವನ ಕಣ್ಣಿಗೆ ಒಲೆಯ ಮೇಲಿನ ಬಾಣಲೆ ಬಿತ್ತು. ಕೊಯ್ದ ಆಡಿನ ಪಿತ್ತಜನಕಾಂಗವನ್ನು ಮೊದಲು ಹುರಿದು ಮಂದಿಯ ಮುಂದಿಡುವುದು ಗೂಡಿನಬಳಿಯಲ್ಲೂ ಉಂಟು, ಇಲ್ಲೂ ಉಂಟು. ಅರೆಬೆಂದ ತುಂಡುಗಳನ್ನು ತಟ್ಟೆಗೆ ಸುರಿದುಕೊಂಡು ಅಂಗಳಕ್ಕೆ ಓಡಿದ. ರಕ್ತದ ಕೈಯಲ್ಲೇ ನಿಂತಿದ್ದ ಹಮೀಸಿಯ ಬಾಯಿಗೆ ಒಂದು ತುಂಡು ತುರುಕಿದ. ಅಷ್ಟರಲ್ಲಿ ಖಲ್ಫಾನ್ ಬಂದೂಕು ಹಿಡಿದು ಹೊರಗೆ ಬಂದ.

"ನಿಮ್ಮ ಉಪ್ಪು ತಿಂದಾಯಿತು ಅರ್ಬಾಬ್! ನಿಮ್ಮ ಮನೆಯ ಅತಿಥಿ!" ಎಂದು ಇಬ್ರಾಹಿಂ ತಟ್ಟೆಯನ್ನು ಎದೆಗೆ ಹಿಡಿದು ಅಡ್ಡ ನಿಂತ.

"ನನ್ನ ಜೊತೆ ತಿಂದಿಲ್ಲ. ಸರಿ ಆಚೆಗೆ."

"ಸರಿಯುವುದಿಲ್ಲ. ನಾನು ಕರೆದುಕೊಂಡು ಬಂದವನು."

ಬಂದೂಕಿನ ಹಿಡಿ ಎಲ್ಲಿಂದ ಬಂತೆಂದು ಇಬ್ರಾಹಿಂನಿಗೆ ತಿಳಿಯಲೇ ಇಲ್ಲ. ದವಡೆ ಲಟಕ್ಕೆಂದಿತು. ಬಾಯಿ ತುಂಬ ರಕ್ತ, ರಕ್ತದಲ್ಲಿ ಹಲ್ಲಿನ ಚೂರುಗಳು. ಮಂಡಿಯೂರಿ ಬಿದ್ದರೂ ತಟ್ಟೆ ಬಿಡಲಿಲ್ಲ. ಎರಡನೆಯ ಏಟು ಹೆಗಲಿಗೆ ಬಿತ್ತು. ಆಗಲೂ ಬಿಡಲಿಲ್ಲ. ಹತ್ತು ವರ್ಷ ಈ ಮನುಷ್ಯನ ಮಾತಿಗೆ ಎದುರು ಹೇಳದವನು ಅಂದು ಎಲ್ಲಿಂದ ಅಷ್ಟು ಹಟ ತಂದನೋ.

ಹಮೀಸಿ ಓಡಲಿಲ್ಲ. ಬಾಯಲ್ಲಿದ್ದುದನ್ನು ಅಗಿದು ನುಂಗಿ, ಖಲ್ಫಾನನ ಮುಖವನ್ನು ದಿಟ್ಟಿಸಿ, ಮೆಲ್ಲಗೆ ಮಾತಾಡಿದ. ಲೈಲಾ ಬಾಗಿಲಲ್ಲಿ ನಿಂತು ಅಳುತ್ತಲೇ ಅದನ್ನು ಹಿಂದಿಗೆ ತಿರುಗಿಸಿದಳು. ಬಹುಶಃ ನೆಲದಲ್ಲಿ ಬಿದ್ದ ಇಬ್ರಾಹಿಂನಿಗಾಗಿ, ಬಹುಶಃ ತನಗೇ ನಂಬಿಕೆಯಾಗಲಿ ಎಂದು. "ನಿನ್ನ ಕಣ್ಣು ನಿನ್ನ ಅಪ್ಪನದೇ ಅನ್ನುತ್ತಾನೆ. ನಾನೇ ಹೌದು ಅನ್ನುತ್ತಾನೆ. ಅದಕ್ಕೆ ಒಂದು ವರ್ಷ ಮುಂಚೆ ನಿನ್ನ ಅಪ್ಪ ನನ್ನ ತಮ್ಮನನ್ನು ಒಂದು ಗೋಣಿ ಲವಂಗ ಕದ್ದನೆಂದು ಬಾವಿಕಟ್ಟೆಯ ಕಂಬಕ್ಕೆ ಕಟ್ಟಿ ಹೊಡೆಸಿದ, ಅವನು ಅಲ್ಲೇ ಸತ್ತ ಅನ್ನುತ್ತಾನೆ. ತಮ್ಮನಿಗೆ ಹದಿನಾಲ್ಕು ವರ್ಷ ಅನ್ನುತ್ತಾನೆ. ನನಗೂ ನಿದ್ದೆ ಇಲ್ಲ ಅನ್ನುತ್ತಾನೆ."

ಖಲ್ಫಾನನ ಬೆರಳು ಬಂದೂಕಿನ ಕುದುರೆಯ ಮೇಲೆಯೇ ಇತ್ತು. ಆಮೇಲೆ ಬಂದೂಕನ್ನು ಗೋಡೆಗೆ ಒರಗಿಸಿ ಮರಳಿನಲ್ಲೇ ಕುಳಿತು, ಇಬ್ರಾಹಿಂನ ಕೈಯ ತಟ್ಟೆಯಿಂದ ಒಂದು ತುಂಡು ತೆಗೆದು ಬಾಯಿಗಿಟ್ಟ. ಇನ್ನೊಂದನ್ನು ಹಮೀಸಿಗೆ ಕೊಟ್ಟ. ಇಬ್ಬರೂ ಎದುರುಬದುರು ಕೂತು ಅಗಿದರು. ಖಲ್ಫಾನ್ ಬಿಕ್ಕಿ ಬಿಕ್ಕಿ ಅಳುತ್ತ ಅಗಿದ.

"ಮೂರು ದಿನ" ಎಂದ, ಇಬ್ರಾಹಿಂನತ್ತ ತಿರುಗಿ.

ಬಡಪಾಯಿ ಇಬ್ರಾಹಿಂ ಅದನ್ನು ಕ್ಷಮೆ ಎಂದುಕೊಂಡ.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು. ಹೇಗಾಯಿತೆಂದು ಕೇಳಿದ್ದಕ್ಕೆ ಮೆಟ್ಟಿಲಿನಿಂದ ಬಿದ್ದೆ ಎಂದು ಕೈಸನ್ನೆ ಮಾಡಿದ. ಪೋಲೀಸರಿಗೆ ಯಾಕೆ ಹೇಳಬೇಕು? ಶುಕ್ರ, ಶನಿ, ಭಾನು. ಭಾನುವಾರ ಸಂಜೆಯ ವಿಮಾನಕ್ಕೆ ಹಮೀಸಿಯ ಟಿಕೆಟ್ ಮಾಡಿದವನು ತಾನೇ. ಖಲ್ಫಾನ್ ಕೊಟ್ಟ ಮಾತು ತಪ್ಪುವವನಲ್ಲ. ಅನ್ನ ಕೊಟ್ಟ ದಣಿಯನ್ನು ಜೈಲಿಗೆ ಹಾಕಿಸುವುದೂ ಬೇಡ, ಅತಿಥಿಯ ಜೀವ ಹೋಗುವುದೂ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಭಾನುವಾರ ಕತ್ತಲಾಗುವಾಗ ಆಸ್ಪತ್ರೆಯ ಕಿಟಕಿಯಿಂದ ಒಂದು ವಿಮಾನ ಏರುವುದು ಕಂಡಿತು. ಅಲ್‌ಹಮ್ದುಲಿಲ್ಲಾ ಎಂದು ಮನಸ್ಸಿನಲ್ಲೇ ಹೇಳಿ ಅಂದು ಚೆನ್ನಾಗಿ ನಿದ್ದೆ ಮಾಡಿದ.

ಮರುದಿನ ಹತ್ತು ಗಂಟೆಗೆ ಕೊಗ್ಗ ಒಂದು ಬಾಟಲಿ ದಾಳಿಂಬೆ ರಸ ಹಿಡಿದುಕೊಂಡು ಬಂದ.

"ಎಂತ ಬ್ಯಾರಿಗಳೇ, ಮಾತಿಲ್ಲದ ನಿಮ್ಮನ್ನು ನೋಡ್ಲಿಕ್ಕೇ ಬೇಜಾರಾಗ್ತದೆ. ಆಫೀಸಿನಲ್ಲಿ ಎಲ್ಲ ಕೆಲಸ ನನ್ನ ತಲೆಗೇ ಬಂತು. ಅದರ ಮೇಲೆ ಅರ್ಬಾಬ್‌ನ ದೊಡ್ಡಸ್ತಿಕೆ ನೋಡಿ! ಆ ಜರ್ಮನಿಯವನಿಗೆ ಇನ್ನೆರಡು ದಿನ ಫ್ರೀ ಕೊಟ್ಟಿದ್ದಾರೆ ಮಾರ್ರೆ. ಟಿಕೆಟ್ ಎಲ್ಲ ಅವರೇ ಮುಂದೆ ಹಾಕಿಸಿದ್ರು."

ಇಬ್ರಾಹಿಂ ಎದ್ದು ಕೂತ.

"ಆ ಹಮೀಸಿಗಂತೂ ಭಾರೀ ಉಪಚಾರ. ಮೂರು ದಿನವೂ ಮನೆಗೆ ಕರೆಸಿ, ತಮ್ಮ ಕೈಯಿಂದಲೇ ಬಡಿಸಿದ್ದಾರೆ. ಇವತ್ತು ಬೆಳಿಗ್ಗೆ ರುಸೈಲಿನ ಹಿಂದೆ ಒಣಹೊಳೆಯ ವಾದಿಯಲ್ಲಿ ಅವರದ್ದೊಂದು ಖರ್ಜೂರದ ತೋಟ ಉಂಟಲ್ಲ, ಅದನ್ನು ತೋರಿಸ್ತೇನೆ ಅಂತ ಅವರೇ ಕಾರಲ್ಲಿ ಕರೆದುಕೊಂಡು ಹೋದ್ರು. ಅವನೂ ಮಿಂದು, ಬಿಳಿ ಅಂಗಿ ಹಾಕಿ, ನಮಾಜ್ ಮುಗಿಸಿ ತಯಾರಾಗಿ ಕೂತಿದ್ದ. ನನ್ನ ಕೈ ಹಿಡಿದು ಎಂತದೋ ಹೇಳಿದ, ನನಗೆಲ್ಲಿ ಅರ್ಥ ಆಗ್ಬೇಕು? ಅರೆ, ಎಂತ ಮಾಡ್ತಿದ್ದೀರಿ!"

ಇಬ್ರಾಹಿಂ ಕೈಗೆ ಚುಚ್ಚಿದ್ದ ಸೂಜಿಯನ್ನು ಕಿತ್ತೆಸೆದಿದ್ದ. ಕೊಗ್ಗನ ಅಂಗಿಯ ಕಾಲರ್ ಹಿಡಿದು ಕಾರಿನವರೆಗೆ ಎಳೆದುಕೊಂಡೇ ಹೋದ. ಕೂಗಲು ಹೋಗಿ ತಂತಿ ಒಸಡು ಹರಿದು, ಅಂಗಿಯ ಮೇಲೆಲ್ಲ ರಕ್ತ ಇಳಿಯಿತು. ಅವನ ಕಣ್ಣು ನೋಡಿ ಕೊಗ್ಗ ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದ. ರುಸೈಲಿನ ಕಾರ್ಖಾನೆಗಳು ಹಿಂದೆ ಸರಿದವು, ಡಾಂಬರು ಮುಗಿದು ಕಲ್ಲಿನ ದಾರಿ ಬಂತು. ದಾರಿಯುದ್ದಕ್ಕೂ ಇಬ್ರಾಹಿಂ ತನ್ನನ್ನೇ ಶಪಿಸಿಕೊಂಡ. ಒಂದು ಸನ್ನೆ, ಆ ಡಾಕ್ಟರಿಗೆ ಒಂದೇ ಒಂದು ಸನ್ನೆ ಮಾಡಿದ್ದರೆ ಸಾಕಿತ್ತು.

ಖಲ್ಫಾನನ ಕಾರು ಬಾವಿಯ ಹತ್ತಿರ ನಿಂತಿತ್ತು. ಅವನು ಕಟ್ಟೆಯ ಮೇಲೆ ಕೂತು ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದ. ನೀರು ಕಾಲುವೆಯಲ್ಲಿ ಕೆಂಪಾಗಿ ಖರ್ಜೂರದ ಬುಡಕ್ಕೆ ಹರಿಯುತ್ತಿತ್ತು. ನಾಲ್ಕು ಮಾರು ಆಚೆ ಹಮೀಸಿ ಬೋರಲು ಬಿದ್ದಿದ್ದ. ಬಿಳಿ ಅಂಗಿಯಲ್ಲಿ ಬಿಳಿ ಎಂಬುದು ಉಳಿದಿರಲಿಲ್ಲ. ಎರಡೂ ಹಿಮ್ಮಡಿಯ ನರ ಕಡಿದಿತ್ತು. ಕಡಿದ ಮೇಲೂ ಅಷ್ಟು ದೂರ ಮೊಣಕೈಯಲ್ಲಿ ತೆವಳಿದ್ದಾನೆಂದು ಮಣ್ಣಿನ ಮೇಲಿನ ಜಾಡು ಹೇಳುತ್ತಿತ್ತು. ಕೊಗ್ಗ ಅದನ್ನು ನೋಡಿ ಕಾರಿನ ಬಾಗಿಲು ಹಿಡಿದುಕೊಂಡು ವಾಂತಿ ಮಾಡಿದ.

"ಮೂರು ದಿನ ಉಣಿಸಿದೆ" ಎಂದ ಖಲ್ಫಾನ್. ಅವನ ಧ್ವನಿ ಆಫೀಸಿನಲ್ಲಿ ಇರುವಂತೆಯೇ ಇತ್ತು. "ಒಂದು ತುತ್ತಿಗೂ ಕಡಿಮೆ ಮಾಡಲಿಲ್ಲ. ನಾಲ್ಕನೇ ದಿನದ್ದು ದಾನ, ಕೊಡುವುದು ಬಿಡುವುದು ನನ್ನ ಇಷ್ಟ. ನೀನೇ ಹೇಳಿದ್ದಲ್ಲವಾ ಇಬ್ರಾಹಿಂ? ಖಲಾಸ್."

ಇಬ್ರಾಹಿಂ ಹಮೀಸಿಯ ಪಕ್ಕದಲ್ಲಿ ಕೂತು, ಅವನನ್ನು ಮಗುಚಿ, ತಲೆಯನ್ನು ತೊಡೆಗೆ ಎಳೆದುಕೊಂಡು ಕಣ್ಣು ಮುಚ್ಚಿದ. ಮೈ ಇನ್ನೂ ಬೆಚ್ಚಗಿತ್ತು. ಅಳು ಬಂತು, ಆದರೆ ಬಿಗಿದ ದವಡೆಯಲ್ಲಿ ಅಳಲೂ ಜಾಗವಿರಲಿಲ್ಲ.

ಖಲ್ಫಾನ್ ಕೈ ಒರೆಸಿಕೊಂಡು ಎದ್ದು, ಕಾರಿನ ಕೀಲಿಯನ್ನು ಕಟ್ಟೆಯ ಮೇಲಿಟ್ಟ. "ಪೋಲೀಸರನ್ನು ಕರೆ. ಅದಕ್ಕೆ ಮೊದಲು ಹೋಟೆಲಿಗೆ ಫೋನ್ ಮಾಡು. ಒಂದು ಕೋಣೆ ಖಾಲಿಯಾಯಿತು ಅಂತ ಹೇಳು."

ಹತ್ತು ವರ್ಷದ ಅಭ್ಯಾಸ. ಸತ್ತವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಂತೆಯೇ, ಆಗಲಿ ಅರ್ಬಾಬ್ ಎಂಬಂತೆ, ಇಬ್ರಾಹಿಂ ತಲೆಯಾಡಿಸಿದ.