ವಾಯುಭಾರ ಕುಸಿತ ಮತ್ತು ಸೊಣ್ಣಪ್ಪನವರ ರಾಗಿ

ನನ್ನದು ಮಾತು ಕಡಿಮೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ, ನಾನು ಬಾಯಿ ತೆರೆದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು.

ಪೀಣ್ಯದ ಒಂದು ಪುಟ್ಟ ಕಾರ್ಖಾನೆಯಲ್ಲಿ ನನ್ನ ಕೆಲಸ. ಕಬ್ಬಿಣದ ಬಿಡಿಭಾಗಗಳ ಮೇಲಿನ ಧೂಳನ್ನು ಏರ್ ಗನ್ನಿನಿಂದ ಊದಿ ತೆಗೆಯಬೇಕು. ಜೊತೆಗೆ, ಆ ಗಾಳಿ ಕೊಡುವ ಕಂಪ್ರೆಸರಿನ ಗೇಜ್ ಮೇಲೆ ಕಣ್ಣಿಟ್ಟಿರಬೇಕು. ಮುಳ್ಳು ಕೆಳಗಿಳಿದರೆ ‘ಪ್ರೆಶರ್ ಡೌನ್’ ಎಂದು ಕೂಗಬೇಕು. ನಾನು ಕೂಗುವುದಿಲ್ಲ. ಮೆಂಟೆನೆನ್ಸಿನ ರಾಜೇಂದ್ರಣ್ಣನ ಹಿಂದೆ ಹೋಗಿ, ಅವರಾಗಿಯೇ ತಿರುಗಿ ನೋಡುವವರೆಗೆ ನಿಲ್ಲುತ್ತೇನೆ.

ಬಾಗಲಗುಂಟೆಯಲ್ಲಿ ಅಮ್ಮನೂ ನಾನೂ ಬಾಡಿಗೆಗಿರುವುದು ಸೊಣ್ಣಪ್ಪನವರ ಮನೆಯಲ್ಲಿ. ಅವರದು ಊರಿನ ಹಳೆಯ ಮನೆತನ. ಹೊಲಗಳೆಲ್ಲ ಬಾಡಿಗೆ ಮನೆ, ಶೆಡ್ಡು ಆಗಿ ಮುಗಿದು, ಎರಡು ಶೆಡ್ಡುಗಳ ನಡುವೆ ಅರ್ಧ ಎಕರೆ ಮಾತ್ರ ಉಳಿದಿತ್ತು. ಅದರಲ್ಲಿ ರಾಗಿ ಬೆಳೆದು ನಿಂತಿತ್ತು. ಮುಂದಿನ ವರ್ಷ ಅಲ್ಲಿ ಮಗ ದೇವರಾಜ್ ಗೋಡೌನ್ ಕಟ್ಟಿಸುತ್ತಾನೆ. ಹಾಗಾಗಿ ಇದೇ ಕೊನೆಯ ಬೆಳೆ. ಸೊಣ್ಣಪ್ಪನವರ ಹೆಂಡತಿ ಅಂಜನಮ್ಮನಿಗೆ ಅಂಗಡಿ ಹಿಟ್ಟಿನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಈ ರಾಗಿಯೊಂದು ಮನೆ ಸೇರಲಿ, ಆಮೇಲೆ ಹೊಲದಲ್ಲಿ ಏನು ಬೇಕಾದರೂ ಕಟ್ಟಿಕೊಳ್ಳಿ ಎಂದು ಗಂಡನಿಗೂ ಮಗನಿಗೂ ಹೇಳಿಟ್ಟಿದ್ದರು.

ಆ ಸಂಜೆ ನಾನು ಕೆಲಸದಿಂದ ಬರುವಾಗ ಸೊಣ್ಣಪ್ಪನವರು ಜಗಲಿಯ ಮೇಲೆ ಕೂತು ಟಿವಿ ನೋಡುತ್ತಿದ್ದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ವಾರ್ತೆಯವಳು ಹೇಳುತ್ತಿದ್ದಳು.

“ಬಾರವ್ವ ವೇಣಿ,” ಎಂದರು. “ನೀನು ಗಾಳಿ ಮಿಷನ್ ನೋಡ್ಕೊಳೋಳು. ಅದೇನು ವಾಯುಭಾರ ಕುಸಿತ ಅಂದ್ರೆ? ನಾಳೆ ರಾಗಿ ಕುಯ್ಸಾನ ಅಂತಿವ್ನಿ. ಕುಯ್ಸ್ಲಾ, ಬ್ಯಾಡ್ವಾ?”

ನನ್ನನ್ನು ಯಾರೂ ಏನನ್ನೂ ಕೇಳಿದವರಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬಂಗಾಳ ಕೊಲ್ಲಿಯ ವಿಷಯ ಕೇಳಿದರೆ ತಲೆ ನಿಲ್ಲುತ್ತದೆಯೇ? ಗಾಳಿಯ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟಿದ್ದೆ, ಅಥವಾ ಅದು ಬಂದ ದಿನ ಕಿಟಕಿಯಾಚೆ ನೋಡುತ್ತಿದ್ದೆ. ಆದರೂ ‘ಭಾರ’ ಎಂದರೆ ಪ್ರೆಶರ್, ‘ಕುಸಿತ’ ಎಂದರೆ ಡೌನ್ ಎಂದು ಕೂಡಿಸಿಕೊಂಡೆ. ಅಷ್ಟು ಸರಿಯಾಗಿಯೇ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು.

“ಕುಯ್ಸಿ ತಾತ, ಏನೂ ಆಗಲ್ಲ,” ಎಂದೆ. “ಪ್ರೆಶರ್ ಕುಸಿದ್ರೆ ಗಾಳಿಗೆ ಶಕ್ತಿನೇ ಇರಲ್ಲ. ಫ್ಯಾಕ್ಟರಿಲಿ ದಿನಾ ನೋಡ್ತೀನಲ್ಲ. ಮುಳ್ಳು ಕೆಳಗಿಳಿದ್ರೆ ಏರ್ ಗನ್ನಲ್ಲಿ ಧೂಳೂ ಹಾರಲ್ಲ. ಸಮುದ್ರದಿಂದ ಮೋಡನ ಇಲ್ಲಿವರೆಗೂ ತಳ್ಳೋಕೆ ಗಾಳಿ ಬೇಕಲ್ವಾ?”

ನಾನು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅಮ್ಮ ಕೂಡ ಕೇಳಿರಲಿಲ್ಲ. ಸೊಣ್ಣಪ್ಪನವರು ತಲೆದೂಗಿ, “ನೋಡ್ದೇನೇ,” ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು, “ಟಿವಿನೋಳು ಒಂದ್ ಗಂಟೆಯಿಂದ ಒದರ್ತಾವ್ಳೆ, ಒಂದೂ ತಿಳೀಲಿಲ್ಲ. ಈ ಮಗ ಎಂಗೆ ಬಿಡಿಸಿ ಯೋಳ್ತು.”

ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆಗೆ ಹೋದೆ.

ಮರುದಿನ ಕೂಲಿಯವರು ಸಿಕ್ಕಿದ್ದು ಕಡಿಮೆ. ಅರ್ಧ ಹೊಲ ಕೊಯ್ದು, ಒಣಗಲೆಂದು ತೆನೆಸಮೇತ ನೆಲದ ಮೇಲೆ ಹರವಿ ಹೋದರು. ಅದರ ಮಾರನೆಯ ದಿನ ಆಕಾಶ ಪಾತ್ರೆ ತೊಳೆದ ನೀರಿನಂತಾಯಿತು. ಆಮೇಲೆ ಮಳೆ ಹಿಡಿಯಿತು. ಬಂದು ಹೋಗುವ ಮಳೆಯಲ್ಲ, ಮನೆಯಲ್ಲೇ ಠಿಕಾಣಿ ಹೂಡುವ ನೆಂಟನಂಥ ಮಳೆ. ಗಾಳಿಯೂ ಬಂತು. ನಮ್ಮ ಬೀದಿಯ ಒಂದು ಹೊಂಗೆ ಮರ ಕರೆಂಟಿನ ತಂತಿಯ ಮೇಲೆ ಒರಗಿತು. ಗಾಳಿಗೆ ಶಕ್ತಿಯಿಲ್ಲ ಎಂದು ನಾನು ಆ ಮರಕ್ಕೆ ಹೇಳಿರಲಿಲ್ಲವಲ್ಲ.

ಕಾರ್ಖಾನೆಯಲ್ಲಿ ರಾಜೇಂದ್ರಣ್ಣನ ಹಿಂದೆ ಹೋಗಿ ನಿಂತೆ. ಅವರು ತಿರುಗಿ, “ಏನಮ್ಮ, ಪ್ರೆಶರ್ ಡೌನಾ?” ಎಂದರು.

“ಇಲ್ಲಿ ಅಲ್ಲಣ್ಣ, ಬಂಗಾಳ ಕೊಲ್ಲಿಲಿ,” ಎಂದು ನಡೆದದ್ದನ್ನು ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

“ಲೇ ಹುಡ್ಗಿ, ಎಂಟನೇ ಮೈಲಿ ಸ್ಟಾಪಲ್ಲಿ ಬಸ್ ಬಂದು, ಬಾಗಿಲ ಹತ್ರ ಚೂರು ಜಾಗ ಖಾಲಿ ಆದ್ರೆ ಏನಾಗುತ್ತೆ?”

“ಎಲ್ರೂ ನುಗ್ತಾರೆ.”

“ಅಷ್ಟೇ ಕಣಮ್ಮ. ಸಮುದ್ರ ಬಿಸಿಯಾಗಿ ಗಾಳಿ ಮೇಲೆ ಹೋಗುತ್ತೆ, ಕೆಳಗೆ ಪ್ರೆಶರ್ ಕಮ್ಮಿ ಆಗುತ್ತೆ. ಸುತ್ತ ಇರೋ ಗಾಳಿಯೆಲ್ಲ ಅಲ್ಲಿಗೆ ನುಗ್ಗುತ್ತೆ. ಭೂಮಿ ತಿರುಗ್ತಾ ಇರುತ್ತಲ್ಲ, ನೇರ ಹೋಗೋಕಾಗ್ದೆ ಸುತ್ತು ಹೊಡಿಯುತ್ತೆ. ಪ್ರೆಶರ್ ಕಮ್ಮಿ ಆದಷ್ಟೂ ಗಾಳಿ ಜಾಸ್ತಿ. ಸಮುದ್ರದ ಬಿಸಿ ಆವಿನೇ ಅದಕ್ಕೆ ಡೀಸೆಲ್. ನೆಲಕ್ಕೆ ಬಂದ್ರೆ ಡೀಸೆಲ್ ಖಾಲಿ, ಗಾಳಿ ಸುಸ್ತಾಗುತ್ತೆ. ಆದ್ರೆ ಹೊತ್ಕೊಂಡು ಬಂದ ನೀರನ್ನ ಎಲ್ಲಾದ್ರೂ ಸುರೀಬೇಕಲ್ಲ.”

“ನಮ್ಮ ತಾತನ ರಾಗಿ ಮೇಲೆ.”

“ನಿನ್ನ ಪುಣ್ಯ, ಅಷ್ಟಕ್ಕೇ ಬಿಡ್ತು.”

ಅದು ನಿಜವೆಂದು ಆ ರಾತ್ರಿ ಕರೆಂಟು ಬಂದು ಟಿವಿ ನೋಡಿದಾಗ ತಿಳಿಯಿತು. ಬಂಗಾಳ ಕೊಲ್ಲಿಯ ಕರಾವಳಿಯ ಒಂದು ಕೇರಿಗೆ ಸಮುದ್ರವೇ ನುಗ್ಗಿತ್ತು. ಗಾಳಿ ನೀರನ್ನು ಗುಡ್ಡೆಹಾಕಿ ದಡದ ಮೇಲಕ್ಕೆ ತಳ್ಳುತ್ತದಂತೆ. ದೋಣಿಯೊಂದು ರಸ್ತೆಯ ಮಧ್ಯೆ ಕೂತಿತ್ತು. ಒಬ್ಬಾಕೆ ಚಾವಣಿಯಿಲ್ಲದ ಮನೆಯೊಳಗಿನ ಕೆಸರನ್ನು ತಟ್ಟೆಯಿಂದ ಎತ್ತಿ ಹೊರಹಾಕುತ್ತಿದ್ದಳು. ಕಸದ ಮೊರವಲ್ಲ, ಊಟದ ತಟ್ಟೆ. ನಾನು ಟಿವಿ ಆರಿಸಿದೆ.

ಮಳೆ ಬಿಟ್ಟಾಗ ಕೊಯ್ದು ಹರವಿದ ರಾಗಿಯ ತೆನೆಗಳಲ್ಲೆಲ್ಲ ಬಿಳಿ ಮೊಳಕೆ ಕಾಣಿಸಿತು. ಕೊಯ್ಯದೆ ಬಿಟ್ಟಿದ್ದ ಅರ್ಧ ಸ್ವಲ್ಪ ಬಾಗಿದರೂ ನಿಂತೇ ಇತ್ತು. ಮೈಮೇಲೆ ಬಿದ್ದ ನೀರನ್ನು ಗಾಳಿಗೆ ಕೊಡವಿಕೊಂಡು ಒಣಗುತ್ತಿತ್ತು.

“ಮೊಳಕೆ ಕಟ್ಟೋಕೆ ನಾವು ಬಟ್ಟೆ ಉಡುಕ್ತೀವಿ,” ಎಂದರು ಅಂಜನಮ್ಮ, “ಈ ತಾಯಿ ಒಲದಾಗೇ ಕಟ್ಸವ್ಳೆ.” ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಮೊಳೆತದ್ದೆಲ್ಲ ಪಕ್ಕದ ಮನೆಯ ಹಸುಗಳ ಪಾಲಾಯಿತು. ನನ್ನನ್ನು ಕಂಡಾಗಲೆಲ್ಲ ಅವು ಪ್ರೀತಿಯಿಂದ ತಲೆಯಾಡಿಸುವಂತೆ ನನಗೆ ತೋರುತ್ತಿತ್ತು.

ಕೆಲವು ದಿನ ಚೆನ್ನಾಗಿ ಬಿಸಿಲು ಬಿತ್ತು. ಒಂದು ಭಾನುವಾರ ಬೆಳಿಗ್ಗೆ ಕುಡುಗೋಲು ಹಿಡಿದ ಹೆಂಗಸರು ಜಗಲಿಯ ಮುಂದೆ ನಿಂತಿದ್ದರು. ಒಳಗೆ ಟಿವಿ ಮತ್ತೆ ವಾಯುಭಾರ ಕುಸಿತ ಎನ್ನುತ್ತಿತ್ತು. ನಾನು ಬಿಂದಿಗೆ ಹಿಡಿದು ಗೋಡೆ ಸವರಿಕೊಂಡು ದಾಟುತ್ತಿದ್ದೆ.

“ನಿಂತ್ಕೊಳವ್ವ,” ಎಂದರು ಸೊಣ್ಣಪ್ಪ. “ಈಗ ಯೋಳು. ಕುಯ್ಸ್ಲಾ, ಬ್ಯಾಡ್ವಾ?”

“ಅವಳನ್ನ್ಯಾಕೆ ಕೇಳೀರಿ? ಒಂದ್ಸಲಿ ಆಗಿದ್ದು ಸಾಲ್ದಾ?” ಎಂದರು ಅಂಜನಮ್ಮ.

“ಅದ್ಕೇ ಕೇಳ್ತಿರೋದು ಕಣೇ. ಇವಳು ಕುಯ್ಸಿ ಅಂದ್ರೆ ಕುಯ್ಸಲ್ಲ. ಬ್ಯಾಡ ಅಂದ್ರೆ ಈಗ್ಲೇ ಒಲಕ್ಕೆ ಇಳಿಸ್ತೀನಿ. ಟಿವಿನೋಳು ಒಂದೊಂದ್ಸಲಿ ಸರಿ ಯೋಳ್ತಾಳೆ, ಒಂದೊಂದ್ಸಲಿ ತಪ್ಪು. ಇವಳದು ಅಂಗಲ್ಲ.”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಕೊಯ್ಯಬಾರದು ಎಂಬುದು ನನಗೆ ಗೊತ್ತಿತ್ತು. ಯಾಕೆ ಎಂದೂ ಗೊತ್ತಿತ್ತು. ಸಮುದ್ರದ ಆವಿ, ನುಗ್ಗುವ ಗಾಳಿ, ಸುರಿಯಲು ಜಾಗ ಹುಡುಕುವ ನೀರು ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಬಸ್ಸಿನ ಬಾಗಿಲಿನ ಉದಾಹರಣೆಯನ್ನೂ ಕೊಡಬಹುದಿತ್ತು. ಆದರೆ ನಾನು ಸರಿಯಾಗಿ ಹೇಳಿದರೆ ರಾಗಿ ಹಾಳಾಗುತ್ತಿತ್ತು. ಹೀಗಲ್ಲ ತಾತ, ಈಗ ನನಗೆ ತಿಳಿದಿದೆ ಎಂದು ವಾದಿಸಲು ಬೇರೆಯೇ ಹುಡುಗಿ ಬೇಕಿತ್ತು.

“ಕುಯ್ಸಿ ತಾತ,” ಎಂದೆ. “ಈ ಸಲ ಹನಿಯೂ ಬೀಳಲ್ಲ.”

“ಓಗ್ರಮ್ಮ ಓಗ್ರಿ,” ಎಂದು ಸೊಣ್ಣಪ್ಪನವರು ಹೆಂಗಸರತ್ತ ಕೈಬೀಸಿದರು. “ಮಳೆ ನಿಂತ್ಮೇಲೆ ಯೋಳಿ ಕಳಿಸ್ತೀನಿ.”

ಸಂಜೆಗೆ ಮೋಡ ಕವಿಯಿತು, ರಾತ್ರಿಯಿಂದ ಸುರಿಯಿತು. ಮಳೆ ನಿಂತು ಪೈರು ಒಣಗಿದ ಮೇಲೆ ಕೊಯ್ಲಾಗಿ ರಾಗಿ ಮನೆ ಸೇರಿತು. ನನ್ನ ಹೆಸರು ಮಾತ್ರ ಬೀದಿ ತುಂಬ ಹರಡಿತು. ಈಗ ಹಪ್ಪಳ ಒಣಹಾಕುವ ಮೊದಲು ಅಕ್ಕಪಕ್ಕದವರು ಬಂದು ಮಳೆ ಬರುತ್ತದಾ ಎಂದು ಕೇಳುತ್ತಾರೆ. ಮೋಡ ನೋಡಿ, ಲೆಕ್ಕ ಹಾಕಿ, ಅದರ ಉಲ್ಟಾ ಹೇಳುತ್ತೇನೆ. ಇಲ್ಲಿಯವರೆಗೆ ಯಾರ ಹಪ್ಪಳವೂ ನೆಂದಿಲ್ಲ.

ಹೊಸ ಹಿಟ್ಟು ಬೀಸಿಸಿದ ದಿನ ಅಂಜನಮ್ಮ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ನನ್ನ ತಟ್ಟೆಗೆ ದೊಡ್ಡ ಮುದ್ದೆಯನ್ನೇ ಹಾಕಿದರು. “ಉಣ್ಣವ್ವ,” ಎಂದರು. “ಎರಡ್ನೇ ಸಲೀನೂ ನಿನ್ನ ಮಾತು ಕೇಳಿದ್ರೆ ಈ ಮುದ್ದೆನೇ ಇರ್ತಿರ್ಲಿಲ್ಲ.”

ಅಮ್ಮ ನನ್ನ ಮುಖ ನೋಡಿದಳು. ನಾನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನುಂಗಿದೆ.