ಮಾವನ ಕೈ ದಾಟಿದ ಪ್ಲಗ್ಗುಗಳು

ಪಶುವೈದ್ಯೆಯ ಕಾರಿಗೆ ಬಂದ ಕಾಯಿಲೆ ಬಡಪೆಟ್ಟಿಗೆ ಬಗ್ಗುವಂಥದ್ದಾಗಿರಲಿಲ್ಲ. ನಿಂತಲ್ಲಿ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು, ಸಮತಟ್ಟು ರಸ್ತೆಯಲ್ಲಿ ಜುಮ್ಮೆಂದು ಓಡುತ್ತಿತ್ತು. ದಿಬ್ಬ ಹತ್ತಲು ಆಕ್ಸಿಲರೇಟರ್ ಒತ್ತಿದರೆ ಮಾತ್ರ ಗುಕ್ ಗುಕ್ ಎಂದು ಮುಗ್ಗರಿಸುತ್ತಿತ್ತು. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಮತ್ತೆ ಮಹಾ ಸಂಭಾವಿತ.

"ನಿಮ್ಮಲ್ಲಿ ಸರ್ವಿಸ್ ಮಾಡಿಸಿದಾಗಿಂದ್ಲೇ ಹೀಗೆ," ಎಂದರು ಪಶುವೈದ್ಯೆ. "ನನ್ನ ಅರ್ಧ ಕೆಲಸ ಗುಡ್ಡದ ಮೇಲಿನ ಕೊಟ್ಟಿಗೆಗಳಲ್ಲಿ. ನಾನು ಹತ್ತಿ ಬರೋವರೆಗೂ ಹಸು ಕರು ಹಾಕ್ದೆ ಕಾಯಲ್ಲಮ್ಮ."

ಈ ಮಾತು ಕೇಳಿ ಸೊಸೆಗೆ ಮೈಯೆಲ್ಲ ಉರಿಯಿತು. ಗ್ಯಾರೇಜಿನ ಕಾರುಗಳೆಲ್ಲ ಅವಳ ಪಾಲಿನವು. ಗಂಡ ಊರಾಚೆ ಲಾರಿಗಳ ಕೆಲಸ ನೋಡಿಕೊಳ್ಳುತ್ತಿದ್ದ. ಇಷ್ಟಾದರೂ ಬಂದವರ ಬಾಯಲ್ಲಿ ಅವಳು ಸೊಸೆಯೇ, ಏಕೆಂದರೆ ಗ್ಯಾರೇಜು ಕಟ್ಟಿದವರು ಮಾವ. ಅವಳ ಕೈಗುಣದ ಬಗ್ಗೆ ಯಾರೂ ಕೊಂಕು ತೆಗೆಯುತ್ತಿರಲಿಲ್ಲ. ಬಾಯಿಯ ಬಗ್ಗೆ ಮಾತ್ರ ಎಲ್ಲರೂ ತೆಗೆಯುತ್ತಿದ್ದರು. ನಟ್ಟು ಸಡಿಲ ಬಿಟ್ಟರೆ ಸ್ವಂತ ಗಂಡನಿಗೂ ಗಿರಾಕಿಗಳ ಎದುರೇ ಮಂಗಳಾರತಿ ಎತ್ತುತ್ತಿದ್ದಳು.

ಮಾವನಿಗೆ ಮಾತ್ರ ಅವಳು ಎದುರು ಮಾತಾಡಿದವಳಲ್ಲ. ಸ್ಪ್ಯಾನರ್ ಹಿಡಿಯಲು ಕಲಿಸಿದವರೇ ಅವರು. ಸೊಂಟ ಕೈಕೊಟ್ಟ ಮೇಲೆ ಅವರಿಗೆ ಕಾರಿನ ಕೆಳಗೆ ತೂರಲು ಆಗುತ್ತಿರಲಿಲ್ಲ, ಭಾರ ಎತ್ತಲು ಆಗುತ್ತಿರಲಿಲ್ಲ. ಉಳಿದಿದ್ದು ಒಂದೇ ಕೆಲಸ: ಪ್ಲಗ್ಗು. ಬಾಗಿಲ ಬೆಳಕಿಗೆ ಸ್ಟೂಲು ಹಾಕಿಕೊಂಡು, ಪ್ರತಿ ಹೊಸ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದನ್ನು ಗೇಜಿನಿಂದ ಅಳೆದು, ಕೊಂಚ ಅಗಲಿಸಿ, "ಕಿಡಿ ದಪ್ಪಗೆ ಬರ್ಲಿ" ಎಂದು ಅವಳ ಕೈಗಿಡುತ್ತಿದ್ದರು. ಅವರ ಕೈ ದಾಟದ ಪ್ಲಗ್ಗು ಆ ಗ್ಯಾರೇಜಿನಲ್ಲಿ ಯಾವ ಇಂಜಿನ್ನಿಗೂ ಹೋಗುತ್ತಿರಲಿಲ್ಲ.

ಅವಳು ಸ್ಕ್ಯಾನರ್ ಹಚ್ಚಿದಳು. ಕಿಡಿ ತಪ್ಪುತ್ತಿದೆ ಎಂದಿತು ಅದು, ಒಂದು ಸಿಲಿಂಡರಿನಲ್ಲಲ್ಲ, ಎಲ್ಲದರಲ್ಲೂ, ಮನಸ್ಸು ಬಂದಂತೆ. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್‌ಗಳನ್ನು ಅದಲುಬದಲು ಮಾಡಿದಳು, ಆಮೇಲೆ ಹೊಸವನ್ನೇ ಹಾಕಿದಳು. ಪೆಟ್ರೋಲಿನ ಒತ್ತಡ ನೋಡಿದಳು, ಸರಿ ಇತ್ತು. ಟರ್ಬೊ ಪೈಪುಗಳಿಗೆ ಹೊಗೆ ಬಿಟ್ಟು ಸೋರಿಕೆ ಹುಡುಕಿದಳು, ಎಲ್ಲೂ ಇಲ್ಲ. ಕೊನೆಗೆ ಇನ್ನೊಂದು ಸೆಟ್ ಪ್ಲಗ್ಗು ತರಿಸಿ ಮಾವನ ಕೈ ದಾಟಿಸಿ ಹಾಕಿದಳು. ದಿಬ್ಬದ ಅರ್ಧಕ್ಕೆ ಕಾರು ಮತ್ತೆ ಗುಕ್ ಎಂದಿತು. ಅವಳ ತಲೆ ಕೆಟ್ಟು ಗೊಬ್ಬರವಾಯಿತು.

ಆ ಪ್ಲಗ್ಗುಗಳನ್ನೂ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನೋಡುವಾಗ ಅವಳಿಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು. ಕಾಯಿಲ್ ಬದಲಾಗಿತ್ತು, ಪ್ಲಗ್ಗು ಬದಲಾಗಿತ್ತು. ಬದಲಾಗದೆ ಉಳಿದದ್ದು ಅವುಗಳ ಸಂದು.

ಸುತ್ತಿ ಬಳಸಿ ಮಾತು ತೆಗೆದಳು. "ಮಾವ, ಇದು ಟರ್ಬೊ ಇಂಜಿನ್ನಲ್ವಾ, ಗಾಳೀನ ಒತ್ತಿ ಒತ್ತಿ ತುಂಬುತ್ತೆ. ಇದಕ್ಕೆ ಸಂದು ಸ್ವಲ್ಪ ಕಮ್ಮಿ ಇದ್ರೆ..."

"ಗಾಳಿ ಜಾಸ್ತಿ ಆದ್ರೆ ಬೆಂಕಿ ಜಾಸ್ತಿ ಆಗ್ಬೇಕು ತಾನೇ?" ಎಂದರು ಮಾವ, ಕಣ್ಣು ಗೇಜಿನ ಮೇಲೇ. "ಒಲೆ ಊದಿದ್ರೆ ಉರಿ ಏಳುತ್ತೋ ಇಲ್ವೋ?"

ದೀಪ ಊದಿದರೆ ಏನಾಗುತ್ತೆ ಮಾವ, ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಬೇರೆ ಯಾರೇ ಆಗಿದ್ದರೂ ಅಂದೇಬಿಡುತ್ತಿದ್ದಳು. ಇದು ಅವರಿಗೆ ಉಳಿದಿರುವ ಒಂದೇ ಕೆಲಸ. ಇದೂ ತಪ್ಪಾಯಿತು ಎಂದರೆ ನಾಳೆಯಿಂದ ಅವರು ಬೆಳಿಗ್ಗೆ ಎದ್ದು ಇಲ್ಲಿಗೆ ಬರುವುದಾದರೂ ಯಾಕೆ?

ಮಧ್ಯಾಹ್ನ ಮಾವ ಊಟಕ್ಕೆ ಮನೆಗೆ ಹೋದಾಗ, ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಮತ್ತೊಂದು ಸೆಟ್ ಹೊಸ ಪ್ಲಗ್ಗುಗಳನ್ನು ಸಂದು ಮುಟ್ಟದೆ, ಡಬ್ಬಿಯಿಂದ ಬಂದಂತೆಯೇ ಇಂಜಿನ್ನಿಗೆ ಹಾಕಿ ಬಿಗಿದಳು. ದಿಬ್ಬದ ಬುಡದಲ್ಲಿ ಆಕ್ಸಿಲರೇಟರನ್ನು ನೆಲಕ್ಕಂಟಿಸಿ ಒತ್ತಿದಳು. ಟರ್ಬೊ ಸಿಳ್ಳೆ ಹಾಕಿತು. ಕಾರು ಒಂದೇ ಉಸಿರಿಗೆ ಮೇಲೆ ಹತ್ತಿ ನಿಂತಿತು. ಒತ್ತಿ ತುಂಬಿದ ದಟ್ಟ ಗಾಳಿಯಲ್ಲಿ ಅಗಲ ಸಂದನ್ನು ದಾಟಲಾಗದೆ ಕಿಡಿ ಸಾಯುತ್ತಿತ್ತು, ಅಷ್ಟೇ ವಿಷಯ. ರೋಗ ಸಿಕ್ಕಿದ್ದಕ್ಕೆ ಕುಣಿಯಬೇಕಾದವಳು ದಿಬ್ಬದ ಮೇಲೆ ಇಂಜಿನ್ ಆರಿಸಿ ಸ್ವಲ್ಪ ಹೊತ್ತು ಅತ್ತಳು.

ಅವಳು ವಾಪಸು ಬರುವಷ್ಟರಲ್ಲಿ ಪಶುವೈದ್ಯೆ ಬಂದು ಕಾಯುತ್ತಿದ್ದರು. ಮಾವನೂ ಬಂದು ಸ್ಟೂಲಿನ ಮೇಲೆ ಕುಳಿತಿದ್ದರು. ಬೆಂಚಿನ ಮೇಲೆ ಪ್ಲಗ್ಗಿನ ಖಾಲಿ ಡಬ್ಬಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಎತ್ತಿಡುವುದನ್ನು ಅವಳು ಮರೆತಿದ್ದಳು.

"ಸರಿಹೋಯ್ತಾ? ಏನಾಗಿತ್ತು?" ಎಂದರು ಪಶುವೈದ್ಯೆ.

"ಪ್ಲಗ್ ಸಂದು ಜಾಸ್ತಿ ಆಗಿತ್ತು ಡಾಕ್ಟ್ರೇ," ಎಂದಳು ಸೊಸೆ, ಮಾವನ ಕಡೆ ನೋಡದೆ. "ನಾನು ಇಟ್ಟಿದ್ದು. ನಂದೇ ತಪ್ಪು. ಇನ್ನು ಗುಡ್ಡ ಎಲ್ಲಾ ಆರಾಮಾಗಿ ಹತ್ತುತ್ತೆ."

ಪಶುವೈದ್ಯೆ ಅದನ್ನು ದೊಡ್ಡದು ಮಾಡಲಿಲ್ಲ, ಕೀ ಇಸಿದುಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ಮಾವ ಸೊಂಟ ಹಿಡಿದುಕೊಂಡು ಎದ್ದು ನಿಂತರು.

"ಅವಳಲ್ಲ, ನಾನು ಇಟ್ಟಿದ್ದು. ಎರಡು ಸಲಾನೂ ನಾನೇ," ಎಂದರು. "ಅವಳು ಕಂಡುಹಿಡಿದ್ಲು."

ಕಾರು ಬೀದಿಯ ತಿರುವು ದಾಟಿತು. ಸೊಸೆ ಚಿಂದಿ ಬಟ್ಟೆ ತೆಗೆದುಕೊಂಡು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ನನ್ನ ತಪ್ಪನ್ನ ನೀನ್ಯಾಕೆ ಹೊತ್ಕೊಂಡೆ?" ಎಂದರು ಮಾವ. ಸಿಟ್ಟೇ ಅದು, ಅನುಮಾನವೇ ಬೇಡ.

"ನಿಮಗೆ ಬೇಜಾರಾಗುತ್ತೆ ಅಂತ ಮಾವ..."

"ನಿನ್ನ ಗಂಡ ಹೀಗೆ ಮಾಡಿದ್ರೆ ಏನ್ಮಾಡ್ತಿದ್ದೆ?"

ಅವಳು ನೆಲ ನೋಡಿದಳು. "ಬೈತಿದ್ದೆ."

"ನನಗ್ಯಾಕೆ ಬೈಲಿಲ್ಲ? ನಾನು ಇಲ್ಲಿ ಕೆಲಸ ಮಾಡ್ತಿದೀನೋ, ಇಲ್ಲಾ ಮುದುಕ ಬೇಜಾರು ಕಳೀಲಿ ಅಂತ ಕೂರಿಸಿದೀಯೋ? ತಪ್ಪು ನಂದಲ್ಲ ಅಂದ್ಮೇಲೆ ಕೆಲಸಾನೂ ನಂದಲ್ಲ. ಹೇಳಿಬಿಡು, ಮನೇಲೇ ಇರ್ತೀನಿ."

ಸೊಸೆ ತಲೆ ಎತ್ತಿದಳು.

"ಬರೀ ಒಂದು ಮಾತು ಕೇಳ್ಬಾರ್ದಿತ್ತಾ ಮಾವ ನೀವು?" ಎಂದಳು. "ಟರ್ಬೊ ಗಾಡಿಗೆ ಎಷ್ಟಿಡ್ಬೇಕು ಅಂತ ಒಂದ್ಸಲ ನನ್ನ ಕೇಳಿದ್ರೆ ಗಂಟೇನು ಹೋಗ್ತಿತ್ತು? ಒಲೆಯಂತೆ, ಉರಿಯಂತೆ! ಚೆನ್ನಾಗಿದ್ದ ಕಾಯಿಲ್ ಬಿಚ್ಚಿ ಬಿಸಾಕ್ದೆ ನಾನು. ಹೊಗೆ ಕುಡ್ದು ಕುಡ್ದು ಗಂಟಲು ಕಟ್ಟಿಹೋಗಿದೆ. ಪಾಪ, ಆ ಡಾಕ್ಟ್ರು ದಿಬ್ಬದ ಮಧ್ಯ ಸಿಕ್ಕಾಕೊಂಡು ಎಷ್ಟು ಒದ್ದಾಡಿದ್ರೋ!"

ಬೈಗುಳ ಒಮ್ಮೆ ದಾರಿ ಹಿಡಿದ ಮೇಲೆ ನಿಲ್ಲಲಿಲ್ಲ. ಎದುರಂಗಡಿಯ ಟೈಲರ್ ಮಷೀನು ನಿಲ್ಲಿಸಿ ಇಣುಕಿದ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಪುರಸೊತ್ತೂ ಅವಳಿಗಿರಲಿಲ್ಲ. ಮಾವ ತಲೆ ತಗ್ಗಿಸಿ, "ಹೌದು", "ಆಯ್ತು", "ಇನ್ಮೇಲೆ ಕೇಳ್ತೀನಿ" ಎನ್ನುತ್ತ, ಕೆಲಸದಲ್ಲಿರುವ ಮನುಷ್ಯನ ಹಾಗೆ ಅಷ್ಟನ್ನೂ ನಿಂತೇ ಕೇಳಿಸಿಕೊಂಡರು.